ಗಾಳ ಹಿಡಿದವನು ಕಳ್ಳನೇ?

ದೊಡ್ಡಪ್ಪನ ಮಗ ಟೊರೊಂಟೊದಲ್ಲಿದ್ದಾನೆ. ಜುಲೈನಲ್ಲಿ ವಿಚಾರ ಸಂಕಿರಣವೊಂದಕ್ಕೆ ನಾನು ಆ ಕಡೆ ಬರುವುದಿದೆಯೆಂದು ಗೊತ್ತಾದದ್ದೇ ತಡ, ‘ಮೀನು’ ಅಂತ ಹೆಸರಿಟ್ಟು ವಾಟ್ಸಾಪ್ ಗುಂಪು ಮಾಡಿಬಿಟ್ಟ. ಒಂಟಾರಿಯೊ ಪ್ರಾಂತ್ಯದ ಉತ್ತರಕ್ಕೆ ರಸ್ತೆಯೇ ಇಲ್ಲದ ಒಂದು ಸರೋವರ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲೇ ಹೋಗಬೇಕು. ಮರದ ಮನೆ, ಮೋಟಾರ್ ದೋಣಿ, ಐದು ದಿನ. ಯಾರು ಅಡುಗೆ, ಯಾವ ಗಾಳ, ಸೊಳ್ಳೆಗೆ ಏನು ಹಚ್ಚಿಕೊಳ್ಳೋದು ಅಂತ ತಿಂಗಳಿಂದ ಚರ್ಚೆ ನಡೆದಿದೆ. ಮೊನ್ನೆ ರಾತ್ರಿ ಅಣ್ಣ ಬರೆದ: ‘ನಮ್ಮೂರ ಕೆರೆ ಏರಿ ಮೇಲೆ ಕೂತಂಗೇ ಕಣೋ. ಇಲ್ಲಿ ಯಾರೂ ಅಟ್ಟಿಸ್ಕೊಂಡು ಬರಲ್ಲ, ಅಷ್ಟೇ.’

ಎಲ್ಲರೂ ನಗುವ ಚಿತ್ರ ಹಾಕಿದರು. ನನಗೆ ನಗು ಬರಲಿಲ್ಲ.

ಅಟ್ಟಿಸಿಕೊಂಡು ಬಂದದ್ದು ನಮ್ಮಿಬ್ಬರನ್ನೇ. ಮಧುಗಿರಿ ತಾಲ್ಲೂಕಿನ ನಮ್ಮೂರಲ್ಲಿ ನಾನಾಗ ಏಳನೇ ಕ್ಲಾಸು. ಬಿದಿರು ಕಡ್ಡಿ, ನೈಲಾನ್ ದಾರ, ಅಂಗಡಿಯಲ್ಲಿ ಕೊಂಡ ಒಂದು ಗಾಳ, ತೇಲಲು ಜೋಳದ ದಂಟಿನ ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳು. ಎರಡು ಗೆಂಡೆ ಸಿಕ್ಕಿದ್ದವು. ಕೆರೆ ಗುತ್ತಿಗೆ ಹಿಡಿದವರ ಕಾವಲುಗಾರ ಬಂದು ಕಡ್ಡಿ ಮುರಿದ, ಸೈಕಲ್ ಕಿತ್ತುಕೊಂಡ. ಸಂಜೆ ಅಪ್ಪ ಹೋಗಿ ಕೈಮುಗಿದು ಸೈಕಲ್ ಬಿಡಿಸಿಕೊಂಡು ಬಂದರು. ಆ ಕೆರೆಯ ಹೂಳನ್ನು ಚಿಕ್ಕಂದಿನಲ್ಲಿ ಗಾಡಿಯಲ್ಲಿ ಹೊತ್ತವರು ಅದೇ ಅಪ್ಪ.

ಬೇಜಾರು ಕಾವಲುಗಾರನ ಮೇಲಲ್ಲ, ಅವನೂ ಕೂಲಿಯವನೇ. ನನ್ನ ತಕರಾರಿರುವುದು ಕೆರೆಯ ಮೀನನ್ನು ನಾವು ಹಂಚಿಕೊಂಡಿರುವ ಬಗೆಯ ಮೇಲೆ. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ವರ್ಷಗಳ ಅವಧಿಗೆ ಗುತ್ತಿಗೆ ಕೊಡುತ್ತದೆ, ಸಣ್ಣವನ್ನು ಪಂಚಾಯಿತಿ ಹರಾಜು ಹಾಕುತ್ತದೆ. ಹಣ ಕಟ್ಟಿದವನು ಕಾಟ್ಲಾ, ರೋಹು ಮರಿ ಬಿಡುತ್ತಾನೆ. ಅಲ್ಲಿಗೆ ಅವನು ಬಿಡದ ಗೆಂಡೆ, ಕೊರವ, ಚೇಳುಮೀನು, ಮಳೆ ಬಂದಾಗ ಹಳ್ಳದಿಂದ ತಾನಾಗಿ ಹತ್ತಿ ಬಂದ ಪುಡಿ ಮೀನು ಎಲ್ಲವೂ ಅವನದೇ. ಸಹಕಾರ ಸಂಘಗಳಿಗೆ ಮೊದಲ ಆದ್ಯತೆ ಇರಬೇಕೆನ್ನುವುದು ಸರಿ. ಬಲೆ ಕಸುಬಿನ ಬೆಸ್ತರ ಮನೆಗಳಿಗೆ ಕೆರೆ ಸಿಗದಿದ್ದರೆ ಇನ್ನಾರಿಗೆ ಸಿಗಬೇಕು? ಆದರೆ ಸಂಘದ ಹೆಸರು ಮುಂದಿಟ್ಟು ದುಡ್ಡು ಹಾಕುವವನು ಇನ್ಯಾರೋ ಆಗಿರುವುದನ್ನೂ ನಮ್ಮ ಕಡೆ ಕಂಡಿದ್ದೇನೆ. ಆಗ ಬೆಸ್ತರವನೂ ತನ್ನೂರ ಕೆರೆಯಲ್ಲಿ ದಿನಗೂಲಿಗೆ ಬಲೆ ಎಳೆಯುತ್ತಾನೆ.

ನಮ್ಮ ನಾಲ್ಕು ತಾಲ್ಲೂಕಲ್ಲಿ ಕೆರೆಗೆ ನೀರು ಬರುವುದೇ ಒಂದು ಹಬ್ಬ. ಶಿರಾದ ಕಳ್ಳಂಬೆಳ್ಳ ಕೆರೆ ಹೇಮಾವತಿ ನೀರಿಗೆ ಕಾಯುತ್ತದೆ. ಕೊರಟಗೆರೆಯವರು ಜಯಮಂಗಲಿ, ಸುವರ್ಣಮುಖಿ ಹರಿದರೆ ತೀತಾ ಜಲಾಶಯ ನೋಡಲು ಹೋಗುತ್ತಾರೆ. ಪಾವಗಡದ ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿ ಬಹುಪಾಲು ವರ್ಷ ಬರೀ ಮರಳು. 2022ರ ಮಳೆಗೆ ಎಷ್ಟೋ ಕೆರೆಗಳು ಕೋಡಿ ಬಿದ್ದಾಗ ಬಾಗಿನ ಬಿಡಲು ಊರೆಲ್ಲ ಬೇಕಾಯಿತು. ಹೂಳು ತೆಗೆಯಲು, ಏರಿ ಒಡೆದರೆ ಮಣ್ಣು ಹಾಕಲು ಊರು ಬೇಕು. ಬೇಸಿಗೆಯಲ್ಲಿ ನೀರು ತಗ್ಗಿ ಮೀನು ಗುಂಡಿಗೆ ಸೇರಿದಾಗ ಮಾತ್ರ ಅದು ಗುತ್ತಿಗೆದಾರನ ಕೆರೆ.

ಅಣ್ಣ ಒಂಟಾರಿಯೊದ ಮೀನುಗಾರಿಕೆ ನಿಯಮಗಳ ಪುಸ್ತಕವನ್ನೂ ಕಳಿಸಿದ್ದ. ಪ್ರವಾಸದ ಫೋಟೊಗಳಿಗಿಂತ ಅದೇ ನನಗೆ ರುಚಿಸಿತು. ವಯಸ್ಕರಾದ ಅಲ್ಲಿನ ನಿವಾಸಿಗಳು ಪರವಾನಗಿ ಕೊಳ್ಳಬೇಕು. ಹದಿನೆಂಟು ತುಂಬದ ಮಕ್ಕಳು ಕೊಳ್ಳಬೇಕಾಗಿಲ್ಲ. ಅಲ್ಲಿಯವರು ಇಷ್ಟಪಟ್ಟು ತಿನ್ನುವ ವಾಲಾಯ್ ಮೀನನ್ನು ಹೆಚ್ಚಿನ ವಲಯಗಳಲ್ಲಿ ದಿನಕ್ಕೆ ನಾಲ್ಕು ಇಟ್ಟುಕೊಳ್ಳಬಹುದು. ಕಡಿಮೆ ಬೆಲೆಯ ಪರವಾನಗಿಯಾದರೆ ಎರಡು. ಮೊಟ್ಟೆಯಿಡುವ ಕಾಲಕ್ಕೆ ನಿಷೇಧ. ಹಿಡಿದದ್ದನ್ನು ಮಾರುವಂತಿಲ್ಲ. ಅಂದರೆ ತಿನ್ನಲಿಕ್ಕೆ ಹಿಡಿಯುವವನೂ ಮಾರಲಿಕ್ಕೆ ಹಿಡಿಯುವವನೂ ಬೇರೆ ಬೇರೆ ಎಂದು ಕಾನೂನು ಒಪ್ಪಿದೆ. ನಮ್ಮಲ್ಲಿ ಮಾರುವವನಿಗೆ ಮಾತ್ರ ಕಾಗದವಿದೆ.

ಕೆನಡಾವನ್ನು ಹೊಗಳಲು ಹೊರಟಿಲ್ಲ. ಅದೇ ವಾಯವ್ಯ ಒಂಟಾರಿಯೊದಲ್ಲಿ ಡ್ರೈಡನ್ ಪಟ್ಟಣದ ಕಾಗದ ಕಾರ್ಖಾನೆಯ ಕಡೆಯಿಂದ 1962ರಿಂದ 1970ರವರೆಗೆ ಪಾದರಸ ನದಿಗೆ ಹರಿಯಿತು. ಕೆಳಗಿನ ಗ್ರಾಸಿ ನ್ಯಾರೋಸ್‌ನ ಮೂಲನಿವಾಸಿಗಳು ಪ್ರವಾಸಿಗರಿಗೆ ಮೀನು ತೋರಿಸುವ ಗೈಡ್ ಕೆಲಸ ಕಳೆದುಕೊಂಡರು, ಮೀನು ತಿಂದು ಕಾಯಿಲೆ ಬಿದ್ದರು. ಯಾರೂ ಇಲ್ಲದ ಸರೋವರ ಅಂತ ಜಾಹೀರಾತಿನಲ್ಲಿ ಬರೆಯುವ ಕಡೆಯೂ ಯಾರೋ ಇದ್ದೇ ಇರುತ್ತಾರೆ.

ನಮ್ಮಲ್ಲೂ ಗಾಳಕ್ಕೆ ಗೌರವ ಸಿಕ್ಕಿದ್ದುಂಟು, ದೊರೆಗಳ ಕೈಲಿದ್ದಾಗ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದನ್ನು ಇವತ್ತಿಗೂ ದಾಖಲೆಯೆಂದು ಹೇಳುತ್ತಾರೆ. ಆಮೇಲೆ ಭೀಮೇಶ್ವರಿ, ಗಾಲಿಬೋರೆಯಲ್ಲಿ ಕಾವೇರಿ ದಡದ ಶಿಬಿರಗಳು ಬಂದವು. ಹಿಡಿದು, ತೂಗಿ, ಫೋಟೊ ತೆಗೆದು ಬಿಡುವ ಆಟ. ವನ್ಯಜೀವಿ ಕಾಯ್ದೆಯ ಕಾರಣಕ್ಕೆ ಅದೂ ನಿಂತಿತು. ನ್ಯಾಯವಾಗಿ ಹೇಳಬೇಕೆಂದರೆ, ಗಾಲಿಬೋರೆಯ ಹವ್ಯಾಸಿಗಳು ಬರೆದಿಟ್ಟ ಲೆಕ್ಕದಿಂದಲೇ ಕಾವೇರಿಯ ಡುಬ್ಬದ ಮಹಶೀರ್ ಕ್ಷೀಣಿಸುತ್ತಿರುವುದು ವಿಜ್ಞಾನಿಗಳಿಗೆ ಖಚಿತವಾದದ್ದು. 2018ರಲ್ಲಿ ಅದು ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಗಾಳದವನು ನೀರನ್ನು ದಿಟ್ಟಿಸುತ್ತಾ ಕೂರುತ್ತಾನೆ. ಕೆರೆಗೆ ಕೊಳಕು ನೀರು ಬಿಟ್ಟರೆ ಮೊದಲು ಗೊತ್ತಾಗುವುದು ಅವನಿಗೇ.

ಹಾಗಾಗಿ ನಾನು ಕೇಳುವುದು ರೆಸಾರ್ಟನ್ನಲ್ಲ. ಗುತ್ತಿಗೆಯ ಕರಾರಿನಲ್ಲಿ ಒಂದು ಷರತ್ತು: ಆ ಊರಿನವರು ಯಾರೇ ಆಗಲಿ, ಒಂದು ಕಡ್ಡಿ ಒಂದು ಗಾಳದಲ್ಲಿ, ಮನೆಗೆ ಬೇಕಾದಷ್ಟು ಹಿಡಿಯಬಹುದು. ಬಲೆ ಇಲ್ಲ, ಮಾರಾಟ ಇಲ್ಲ, ದಿನಕ್ಕಿಷ್ಟು ಎಂಬ ಮಿತಿ ಇರಲಿ. ನಷ್ಟವಾಗುತ್ತದೆ ಅಂತ ಗುತ್ತಿಗೆದಾರ ಹೇಳುತ್ತಾನೆ. ಬಲೆಯೊಂದು ಬೆಳಗಿನ ಜಾವ ಎಳೆದು ತರುವುದನ್ನು ಏರಿಯ ಮೇಲಿನ ಹತ್ತು ಗಾಳಗಳು ಬೇಸಿಗೆ ಪೂರ್ತಿ ಕೂತರೂ ಹಿಡಿಯಲಾರವು. ಕಳ್ಳಬಲೆಗೆ ದಾರಿಯಾಗುತ್ತದೆ ಎನ್ನುವ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇನೆ. ಆದರೆ ರಾತ್ರಿ ಬಲೆ ಬಿಡುವವನು ಈಗಲೂ ಬಿಡುತ್ತಿದ್ದಾನೆ. ಸಿಕ್ಕಿಬೀಳುವುದು ಹಗಲು ಗಾಳ ಹಾಕಿ ಕೂತ ಹುಡುಗ.

ಪರವಾನಗಿಗೆ ಹೆಸರು, ವಿಳಾಸ ಬೇಕಂತೆ, ಅಣ್ಣ ಕೇಳುತ್ತಿದ್ದಾನೆ. ಕೊಡುತ್ತೇನೆ, ಹೋಗಿಯೂ ಬರುತ್ತೇನೆ, ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ. ನಮ್ಮೂರ ಕೆರೆಯ ಗುತ್ತಿಗೆ ಬರುವ ವರ್ಷ ಮುಗಿಯುತ್ತದೆ. ಗ್ರಾಮಸಭೆಗೆ ಕೊಡಬೇಕಾದ ಅರ್ಜಿಯನ್ನು ಅಪ್ಪನ ಹೆಸರಿನಲ್ಲೇ ಬರೆದಿಟ್ಟಿದ್ದೇನೆ, ಸಹಿ ಹಾಕುವುದಾಗಿ ಒಪ್ಪಿದ್ದಾರೆ.