ಗೀಸರ್: ರಿಪೇರಿಯೋ, ಹೊಸದೋ?

ನಮ್ಮನೆ ಗೀಸರ್‌ಗೆ 11 ವರ್ಷ. ನೀರು ಸರಿಯಾಗಿ ಕಾಯ್ತಿರಲಿಲ್ಲ. ಮೆಕ್ಯಾನಿಕ್ "ಕಾಯಿಲ್ ಬದಲಿಸಿದ್ರೆ ಸಾಕು" ಅಂದ್ರು, ನಮ್ಮ ಯಜಮಾನ್ರು "ಹೊಸದೇ ತರೋಣ" ಅಂದ್ರು. ನಾನು ನೋಡಿದ್ದು ಟ್ಯಾಂಕನ್ನ.

ಬೋರ್‌ವೆಲ್‌ನ ಗಡಸು ನೀರಿಗೆ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದು ಸಹಜ. ಕಾಯಿಲ್, ಥರ್ಮೋಸ್ಟಾಟ್ ಹಾಳಾದ್ರೆ ಬದಲಿಸಬಹುದು. ಒಳಗಿನ ಟ್ಯಾಂಕೇ ತುಕ್ಕು ಹಿಡಿದು ಸೋರಿದರೆ ರಿಪೇರಿ ದುಡ್ಡು ನೀರುಪಾಲು. ನಮ್ಮದರ ತಳದಲ್ಲಿ ಕೆಂಪು ನೀರು ಜಿನುಗ್ತಿತ್ತು. ಅದೇ ಬಚ್ಚಲಲ್ಲಿ ಎಪ್ಪತ್ತು ದಾಟಿದ ಅತ್ತೆ ಸ್ನಾನ ಮಾಡೋದು. ಸೋರೋ ನೀರು, ಕರೆಂಟು ಒಟ್ಟಿಗೆ ಬೇಡ ಅಂತ ಹೊಸದನ್ನೇ ತಂದೆವು.

ನೀವೂ ಹಾಕಿಸುವಾಗ ಅರ್ಥಿಂಗ್, ಸೇಫ್ಟಿ ವಾಲ್ವ್ ಎರಡನ್ನೂ ಪರೀಕ್ಷೆ ಮಾಡಿಸಿ. ವರ್ಷಕ್ಕೊಮ್ಮೆ ಒಳಗಿನ ಮೆಗ್ನೀಷಿಯಂ ರಾಡ್ ನೋಡಿಸಿ. ಅದು ತಾನು ಸವೆದು ಟ್ಯಾಂಕನ್ನು ಉಳಿಸುತ್ತೆ.