ಬಿಟ್‌ಕಾಯಿನ್‌ಗೆ ಪೌತಿ ಖಾತೆ ಎಲ್ಲಿ ಮಾಡಿಸೋದು?

ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ನನ್ನ ಹಾಸ್ಟೆಲ್ ರೂಮ್‌ಮೇಟ್ ಆಗಿದ್ದ ಗೆಳೆಯ ಕಳೆದ ವರ್ಷ ಬೈಕ್ ಅಪಘಾತದಲ್ಲಿ ತೀರಿಹೋದ. 34 ವರ್ಷ, ಮದುವೆ ಆಗಿರಲಿಲ್ಲ. ಎರಡು ತಿಂಗಳು ಕಳೆದ ಮೇಲೆ ತಿಪಟೂರಿನಿಂದ ಅವರಪ್ಪ ಫೋನ್ ಮಾಡಿದರು. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಊರ ಹತ್ತಿರ ಸ್ವಲ್ಪ ತೆಂಗಿನ ತೋಟ ಇದೆ. "ಪಿಎಫ್ ಬಂತು, ಬ್ಯಾಂಕಿಂದೂ ಒಂದು ದಾರಿಗೆ ಬಂತು ಕಣಪ್ಪ. ಇವನು ಅದೇನೋ ಬಿಟ್‌ಕಾಯಿನ್ ಇಟ್ಟಿದ್ನಂತಲ್ಲ, ಆಫೀಸಿನ ಹುಡುಗರು ಹೇಳಿದ್ರು. ಅದಕ್ಕೆ ಪೌತಿ ಖಾತೆ ಎಲ್ಲಿ ಮಾಡಿಸೋದು?"

ನಗರದಲ್ಲೇ ಬೆಳೆದವರಿಗೆ ಒಂದು ಮಾತು: ಜಮೀನಿನ ಒಡೆಯ ಸತ್ತಾಗ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸೋದೇ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ನಾಡಕಚೇರಿಗೆ ನಾಲ್ಕು ಸಲ ಅಲೆದಾಟ, ಅಲ್ಲಲ್ಲಿ ಕೈ ಬೆಚ್ಚಗೆ ಮಾಡೋದು. ಕೆಟ್ಟ ವ್ಯವಸ್ಥೆಯೇ ಇರಬಹುದು, ಆದರೆ ಒಂದು ಬಾಗಿಲು ಅಂತ ಇದೆ. ಅದನ್ನ ತಟ್ಟಬಹುದು, ತೆರೆಯದಿದ್ದರೆ ಜಗಳ ಆಡಬಹುದು, ಎಂಎಲ್‌ಎ ಹತ್ರ ಹೋಗಿ ದೂರಬಹುದು. ಸತ್ತವರ ಹೆಸರಲ್ಲೇ ಉಳಿದ ಪಹಣಿಗಳನ್ನು ಬದಲಿಸೋಕೆ ಕಂದಾಯ ಇಲಾಖೆಯೇ ಇ-ಪೌತಿ ಆಂದೋಲನ ಶುರು ಮಾಡಿದೆ. ಮೇಷ್ಟ್ರು ಕೇಳಿದ್ದು ಅಂಥದ್ದೊಂದು ಬಾಗಿಲು ಎಲ್ಲಿದೆ ಅಂತ. ತಿಂಗಳುಗಟ್ಟಲೆ ಅವರ ಜೊತೆ ಹುಡುಕಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ತೆರಿಗೆ ವಸೂಲಿಗೆ ಬಾಗಿಲಿದೆ, ವಾರಸುದಾರರಿಗೆ ಇಲ್ಲ.

ಗೆಳೆಯನ ಕ್ರಿಪ್ಟೊ ಎರಡು ಕಡೆ ಇತ್ತು. ಒಂದಿಷ್ಟು ಒಂದು ಎಕ್ಸ್‌ಚೇಂಜ್‌ನ ಆ್ಯಪ್‌ನಲ್ಲಿ. ಉಳಿದದ್ದು, ಬಹುಶಃ ಹೆಚ್ಚಿನದ್ದು, ಹಾರ್ಡ್‌ವೇರ್ ವಾಲೆಟ್‌ನಲ್ಲಿ. ಅದು ನೋಡೋಕೆ ಪೆನ್‌ಡ್ರೈವ್ ಥರ ಇರುತ್ತೆ. ಮನೆಯವರೂ ಪೆನ್‌ಡ್ರೈವ್ ಅಂದ್ಕೊಂಡೇ ಎತ್ತಿಟ್ಟಿದ್ದರು. ಅದರ ಪಿನ್ ಯಾರಿಗೂ ಗೊತ್ತಿಲ್ಲ. ಮೂರು ಸಲ ತಪ್ಪು ಪಿನ್ ಹೊಡೆದರೆ ಒಳಗಿನದ್ದೆಲ್ಲ ಅಳಿಸಿಹೋಗುವ ಮಾದರಿ ಅದು.

ಹಾಗೆ ಅಳಿಸಿಹೋದರೂ ಪರವಾಗಿಲ್ಲ ಅನ್ನೋದು ಈ ತಂತ್ರಜ್ಞಾನದ ವಿಚಿತ್ರ. ಯಾಕಂದ್ರೆ ನಾಣ್ಯ ಆ ಡಬ್ಬಿಯೊಳಗೆ ಇರಲ್ಲ. ಅದು ಇರೋದು ಬ್ಲಾಕ್‌ಚೈನ್ ಅನ್ನೋ, ಜಗತ್ತಿಗೆಲ್ಲ ತೆರೆದಿಟ್ಟ ಲೆಕ್ಕದ ಪುಸ್ತಕದಲ್ಲಿ. ಡಬ್ಬಿಯಲ್ಲಿರೋದು ಕೀ ಮಾತ್ರ. ಆ ಕೀಯನ್ನು 12 ಅಥವಾ 24 ಪದಗಳಾಗಿ ಬರೆದಿಟ್ಟುಕೊಂಡಿದ್ದರೆ, ಡಬ್ಬಿ ಸುಟ್ಟು ಹೋದರೂ ಹೊಸದೊಂದರಲ್ಲಿ ಎಲ್ಲವನ್ನೂ ವಾಪಸ್ ತರಬಹುದು. ಸೀಡ್ ಫ್ರೇಸ್ ಅನ್ನೋದು ಇದಕ್ಕೇ. 2,048 ಪದಗಳ ನಿಗದಿತ ಪಟ್ಟಿಯಿಂದ ಬಂದ ಪದಗಳು, ಬರೆದ ಕ್ರಮದಲ್ಲೇ ಬೇಕು. (ಈ ಪಟ್ಟಿ ಜಪಾನಿ, ಕೊರಿಯನ್, ಚೆಕ್ ಭಾಷೆಗಳಲ್ಲೂ ಇದೆ. ಕನ್ನಡ ಬಿಡಿ, ಭಾರತದ ಯಾವ ಭಾಷೆಯಲ್ಲೂ ಇಲ್ಲ.)

ಅದಕ್ಕೇ ನಾನು ಮೇಷ್ಟ್ರನ್ನ ಕೇಳಿದೆ: "ಬರೀ ಇಂಗ್ಲಿಷ್ ಪದ ಬರೆದಿಟ್ಟ ಚೀಟಿ, ಪುಸ್ತಕ ಏನಾದ್ರೂ ನೋಡಿದ್ರಾ ಅಂಕಲ್?" ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆಂಗಳೂರಿನ ರೂಮ್ ಖಾಲಿ ಮಾಡುವಾಗ ಹಳೇ ನೋಟ್‌ಬುಕ್‌ಗಳು ಒಂದು ಮೂಟೆ ಇದ್ದವಂತೆ. ಓನರ್ ಅವಸರ ಮಾಡಿದ್ದಕ್ಕೆ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿ ಬಂದರಂತೆ. "ಒಂದರಲ್ಲಿ ನಂಬರ್ ಹಾಕಿ ಪದ ಬರೆದಿದ್ದ. ಇಂಗ್ಲಿಷ್ ಪರೀಕ್ಷೆ ಏನೋ ಕಟ್ಟಿರ್ಬೇಕು ಅಂದ್ಕೊಂಡೆ ಕಣಪ್ಪ."

ಆ ದುಡ್ಡು ಹೋಯಿತು. ಇದರ ಮೇಲೆ ಅಪೀಲು ಇಲ್ಲ. ಸುಪ್ರೀಂ ಕೋರ್ಟ್ ಆದೇಶ ಕೊಟ್ಟರೂ ಕೀ ಇಲ್ಲದೆ ಒಂದು ಪೈಸೆ ಕದಲಲ್ಲ. ಬಿಟ್‌ಕಾಯಿನ್ ಒಟ್ಟು 2.1 ಕೋಟಿಗಿಂತ ಹೆಚ್ಚು ಹುಟ್ಟುವುದೇ ಇಲ್ಲ. ಅದರಲ್ಲಿ 27.8 ಲಕ್ಷದಿಂದ 37.9 ಲಕ್ಷದಷ್ಟು ಹೀಗೆ ಯಾರ ಕೈಗೂ ಸಿಗದಂತೆ ಕಳೆದುಹೋಗಿವೆ ಅಂತ ಚೈನಾಲಿಸಿಸ್ ಕಂಪನಿ 2017ರಲ್ಲೇ ಅಂದಾಜು ಮಾಡಿತ್ತು. ಪೊಲೀಸರೇ ಈ ಕೀ ವಿಷಯದಲ್ಲಿ ಎಡವಿದ್ದು ನೆನಪಿರಬೇಕಲ್ಲ? 2021ರ ಜನವರಿಯಲ್ಲಿ ಬೆಂಗಳೂರು ಸಿಸಿಬಿ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ, ಮೌಲ್ಯ 9 ಕೋಟಿ ಅಂತ ಹೇಳಿಕೊಂಡಿತ್ತು. ಆಮೇಲೆ ನೋಡಿದರೆ ಆ ನಾಣ್ಯ ಅವರ ಕೈಗೆ ಬಂದೇ ಇರಲಿಲ್ಲ. ಇನ್ನು ತಿಪಟೂರಿನ ಮೇಷ್ಟ್ರಿಗೆ ಎಲ್ಲಿಂದ ಗೊತ್ತಾಗಬೇಕು?

ನಮ್ಮ ಗ್ಯಾಂಗಿನದ್ದೂ ತಪ್ಪಿದೆ. 2017ರ ಹೊತ್ತಿಗೆ ನಾವೆಲ್ಲ 'ನಿನ್ನ ಬ್ಯಾಂಕಿಗೆ ನೀನೇ ಮ್ಯಾನೇಜರು' ಅಂತ ಎದೆ ತಟ್ಟಿಕೊಂಡು ತಿರುಗುತ್ತಿದ್ದವರು. ಬ್ಯಾಂಕಿನ ಮ್ಯಾನೇಜರು ಸತ್ತರೂ ಬ್ಯಾಂಕ್ ಮರುದಿನ ಹತ್ತು ಗಂಟೆಗೆ ಬಾಗಿಲು ತೆಗೆಯುತ್ತೆ ಅನ್ನೋದು ನಮ್ಮ ತಲೆಗೆ ಹೊಳೆದಿರಲಿಲ್ಲ.

ಉಳಿದದ್ದು ಎಕ್ಸ್‌ಚೇಂಜ್‌ನಲ್ಲಿದ್ದ ಭಾಗ. ಇಲ್ಲಿ ಕೀ ಕಂಪನಿಯ ಹತ್ರ ಇರುತ್ತೆ, ಹಾಗಾಗಿ ಸಿಗುವ ಸಾಧ್ಯತೆ ಇದೆ. ಕಂಪನಿಗೆ ಫೋನ್ ನಂಬರ್ ಇಲ್ಲ, ಶಾಖೆ ಇಲ್ಲ, ಇರೋದು ಇಮೇಲ್ ಒಂದೇ. ಮೇಷ್ಟ್ರ ಪರವಾಗಿ ನಾನೇ ಬರೆದೆ. ಮೂರು ಸಲ ಯಂತ್ರದ ಉತ್ತರ ಬಂದ ಮೇಲೆ ನಾಲ್ಕನೆಯದಕ್ಕೆ ಮನುಷ್ಯರು ಸಿಕ್ಕರು: ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ.

ವಕೀಲರ ಹತ್ರ ಹೋದಾಗ ಮೊದಲು ಗೊತ್ತಾಗಿದ್ದು, ಇಷ್ಟು ದಿನ ಓಡಾಡಿದ ಮೇಷ್ಟ್ರು ವಾರಸುದಾರರೇ ಅಲ್ಲ ಅಂತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಲ್ ಬರೆಯದೆ ಸತ್ತ ಗಂಡಸಿನ ಆಸ್ತಿ ಮೊದಲ ದರ್ಜೆಯ ವಾರಸುದಾರರಿಗೆ ಹೋಗುತ್ತೆ. ಹೆಂಡತಿ, ಮಕ್ಕಳು, ತಾಯಿ ಅದರಲ್ಲಿದ್ದಾರೆ. ತಂದೆ ಎರಡನೇ ದರ್ಜೆ. ಮದುವೆಯಾಗದ ಮಗನದ್ದೆಲ್ಲ ಅಮ್ಮನಿಗೆ. ಅಂದರೆ ಪ್ರತಿ ಅರ್ಜಿ, ಪ್ರತಿ ಕೆವೈಸಿ, ಪ್ರತಿ ಸಹಿ ಆ ತಾಯಿಯದ್ದೇ ಆಗಬೇಕು. ಅವರು ಸ್ಮಾರ್ಟ್‌ಫೋನ್ ಮುಟ್ಟಿದವರಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದೇ ಕಾನೂನು ಇನ್ನೂ ಕೆಟ್ಟದಾಗಿದೆ. ಮಕ್ಕಳಿಲ್ಲದ, ಗಂಡ ತೀರಿಹೋದ ಹಿಂದೂ ಹೆಣ್ಣುಮಗಳು ವಿಲ್ ಬರೆಯದೆ ಸತ್ತರೆ, ಅವಳೇ ದುಡಿದು ಕೊಂಡದ್ದು ಹೋಗೋದು ಮೊದಲು ಗಂಡನ ವಾರಸುದಾರರಿಗೆ. ಅವಳನ್ನ ಹೆತ್ತವರಿಗೆ ಅಲ್ಲ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ರಾತ್ರಿ ಪಾಳಿ ಮಾಡಿ ಕೊಂಡ ಈಥರ್ ಅತ್ತೆಮನೆಗೆ! ಬಿಟ್‌ಕಾಯಿನ್ ಇರಲಿ ಬಿಡಲಿ, ಈ ಒಂದು ಕಾರಣಕ್ಕೇ ನೀವು ವಿಲ್ ಬರೆಯಬೇಕು.

ಎರಡನೇ ತೊಡಕು ಪ್ರಮಾಣಪತ್ರದ್ದು. 1925ರ ಉತ್ತರಾಧಿಕಾರ ಕಾಯ್ದೆ ಆ ಪ್ರಮಾಣಪತ್ರ ಕೊಡೋದು ಮೃತರಿಗೆ ಬರಬೇಕಾದ ಸಾಲ ಮತ್ತು ಸೆಕ್ಯುರಿಟಿಗಳಿಗೆ. ಕ್ರಿಪ್ಟೊ ಸಾಲವೇ, ಸೆಕ್ಯುರಿಟಿಯೇ? ಕಾಯ್ದೆ ಬರೆದವರಿಗೆ ಈ ಪ್ರಶ್ನೆ ಎದುರಾಗಿರಲಿಲ್ಲ. ಅರ್ಜಿಯಲ್ಲಿ ಮೌಲ್ಯ ನಮೂದಿಸಬೇಕು, ಅದರ ಮೇಲೆ ಕೋರ್ಟ್ ಫೀ. ಯಾವ ದಿನದ ಮೌಲ್ಯ? ಸತ್ತ ದಿನದ್ದೋ, ಅರ್ಜಿ ಹಾಕಿದ ದಿನದ್ದೋ? ವಕೀಲರು ಫೈಲ್ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು.

ಒಂದು ಆಸರೆ ಸಿಕ್ಕಿದ್ದು ಮದ್ರಾಸ್ ಹೈಕೋರ್ಟಿನಿಂದ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತಲ್ಲ, ಅದರ ಹಿಂದೆ ಬಂದ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2025ರ ಅಕ್ಟೋಬರ್‌ನಲ್ಲಿ ಹೇಳಿದ್ದು ಇದು: ಕ್ರಿಪ್ಟೊ ಕರೆನ್ಸಿಯಲ್ಲ, ಆದರೆ ಆಸ್ತಿ, ಅದನ್ನು ಸ್ವಾಧೀನದಲ್ಲಿ ಇಟ್ಟುಕೊಳ್ಳಬಹುದು, ಟ್ರಸ್ಟ್ ಆಗಿ ಇಡಬಹುದು. ಆಸ್ತಿ ಅಂದಮೇಲೆ ಅದು ವಾರಸುದಾರರಿಗೆ ಇಳಿಯುತ್ತೆ ಅಂತ ವಾದಿಸಬಹುದು. ಆದರೆ ಕರ್ನಾಟಕದ ಕೋರ್ಟುಗಳು ಆ ತೀರ್ಪನ್ನ ಪಾಲಿಸಲೇಬೇಕು ಅಂತೇನಿಲ್ಲ. ಬ್ರಿಟನ್ 2025ರ ಡಿಸೆಂಬರ್‌ನಲ್ಲಿ ಡಿಜಿಟಲ್ ಆಸ್ತಿಗೆಂದೇ ಪುಟ್ಟ ಕಾಯ್ದೆ ಮಾಡಿ ಈ ಗೊಂದಲ ಮುಗಿಸಿತು. ನಮ್ಮಲ್ಲಿ 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿದ್ದ ಕ್ರಿಪ್ಟೊ ಮಸೂದೆ ಸದನಕ್ಕೇ ಬರಲಿಲ್ಲ.

ಮಸೂದೆ ಬರಲಿಲ್ಲ, ತೆರಿಗೆ ಮಾತ್ರ ಬಂತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ 30%. ಒಂದು ನಾಣ್ಯದಲ್ಲಿ ಆದ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಅದೇ ವರ್ಷದ ಜುಲೈನಿಂದ ಮಾರಾಟದ ಮೇಲೆ 1% ಟಿಡಿಎಸ್, ಪ್ಯಾನ್ ನಂಬರ್ ಸಮೇತ. ತೆರಿಗೆ ಹಾಕಿದ ಮಾತ್ರಕ್ಕೆ ಕಾನೂನುಬದ್ಧ ಅಂತಲ್ಲ ಅನ್ನೋದು ಸಚಿವೆ ನಿರ್ಮಲಾ ಸೀತಾರಾಮನ್ ಅವರ ಆಗಿನ ನಿಲುವು. 2023ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿಯೂ ತಂದರು. ಅಂದರೆ ಯಾರ ಹತ್ರ ಖಾತೆ ಇದೆ, ಯಾರು ಯಾವಾಗ ಮಾರಿದರು ಅನ್ನೋ ಮಾಹಿತಿ ಸರ್ಕಾರಕ್ಕೆ ತಲುಪುವ ದಾರಿಗಳೆಲ್ಲ ಇವೆ. ಅದೇ ಮಾಹಿತಿ ಸತ್ತವರ ಅಮ್ಮನಿಗೆ ತಲುಪುವ ದಾರಿ ಇಲ್ಲ.

ಪೂರ್ತಿ ಇಲ್ಲ ಅಂತಲೂ ಅಲ್ಲ. ಒಂದು ಕಳ್ಳದಾರಿ ನಮಗೆ ಸಿಕ್ಕಿತು, ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು. ಮೃತರ ಕೊನೇ ವರ್ಷದ ರಿಟರ್ನ್ಸ್ ಸಲ್ಲಿಸೋದು ವಾರಸುದಾರರ ಜವಾಬ್ದಾರಿ. ಅದಕ್ಕಾಗಿ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿಕೊಳ್ಳಬಹುದು. ಆಮೇಲೆ ಮೃತರ 26ಎಎಸ್ ಮತ್ತು ಎಐಎಸ್ ತೆರೆದರೆ, ಅವರು ಎಂದಾದರೂ ಕ್ರಿಪ್ಟೊ ಮಾರಿದ್ದರೆ, ಟಿಡಿಎಸ್ ಕಡಿತ ಮಾಡಿದ ಕಂಪನಿಯ ಹೆಸರು ಅಲ್ಲಿ ಕಾಣುತ್ತೆ. ಗೆಳೆಯನ ಖಾತೆ ಯಾವ ಎಕ್ಸ್‌ಚೇಂಜ್‌ನಲ್ಲಿದೆ ಅಂತ ನಮಗೆ ತಿಳಿದದ್ದೇ ಹೀಗೆ. ಬರೀ ಕೊಂಡು ಇಟ್ಟುಕೊಂಡವರಾಗಿದ್ದರೆ ಅದೂ ಸಿಗಲ್ಲ. ಆಗ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಸಾಲು ಸಾಲು ಹುಡುಕಬೇಕು. ಇನ್ನೊಂದು: ಮೃತರ ಸಿಮ್‌ಗೆ ರೀಚಾರ್ಜ್ ಮಾಡ್ತಾ ಇರಿ. ಮೂರು ತಿಂಗಳು ಬಳಸದೆ ಬಿಟ್ಟರೆ ನಂಬರ್ ಬಂದ್ ಆಗಿ ಇನ್ಯಾರದೋ ಪಾಲಾಗಬಹುದು. ಹಾಗಂತ ಆ ಫೋನಿಗೆ ಬರುವ ಒಟಿಪಿ ಹಾಕಿ ದುಡ್ಡು ಎತ್ತಿಕೊಳ್ಳೋದು ಸರಿಯಲ್ಲ. ಎಟಿಎಂ ಕಾರ್ಡಿನಲ್ಲಿ ಎಲ್ಲರ ಮನೆಯಲ್ಲೂ ಮಾಡ್ತಾರೆ, ಗೊತ್ತು. ಬೇರೆ ವಾರಸುದಾರರು ತಕರಾರು ತೆಗೆದರೆ ಉತ್ತರ ಕೊಡೋದು ಕಷ್ಟ.

ವಿಲ್ ಮೂಲಕವೋ ಉತ್ತರಾಧಿಕಾರದಿಂದಲೋ ಕ್ರಿಪ್ಟೊ ಬಂದರೆ ಬಂದದ್ದಕ್ಕೆ ತೆರಿಗೆ ಇಲ್ಲ. ಮಾರಿದಾಗ ಲಾಭಕ್ಕೆ ಅದೇ 30%.

ಬ್ಯಾಂಕಿನ ಕಡೆ ನೋಡಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ನಾಮಿನಿಗಳವರೆಗೆ ಹಾಕಬಹುದು. ಯಾರೂ ಕೇಳದ ಠೇವಣಿ ಎಲ್ಲಿದೆ ಅಂತ ಹುಡುಕೋಕೆ ಆರ್‌ಬಿಐನ ಉದ್ಗಮ್ ಪೋರ್ಟಲ್ 2023ರಿಂದ ಇದೆ. ಕ್ರಿಪ್ಟೊ ಎಕ್ಸ್‌ಚೇಂಜ್‌ ನಾಮಿನಿ ಕೇಳಲೇಬೇಕು ಅನ್ನುವ ಕಾನೂನು ಇಲ್ಲ. ಇಟ್ಟರೆ ಅದು ಕಂಪನಿಯ ಮರ್ಜಿ. ಕೆವೈಸಿ ಅಂತ ಆಧಾರ್, ಪ್ಯಾನ್, ಸೆಲ್ಫಿ ಎಲ್ಲಾ ತಗೋತಾರೆ. ಇನ್ನೊಂದು ಕಾಲಂ ಸೇರಿಸೋಕೆ ಎಷ್ಟು ಹೊತ್ತು? ನಾಮಿನಿ ಒಡೆಯನಲ್ಲ, ವಾರಸುದಾರರ ಪರವಾಗಿ ತೆಗೆದುಕೊಳ್ಳುವವನು ಅಷ್ಟೇ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಕಂಪನಿ ಷೇರುಗಳ ವಿಷಯದಲ್ಲೂ ಸ್ಪಷ್ಟ ಮಾಡಿದೆ, ನಿಜ. ಆದರೂ ಮಾತಾಡೋಕೆ ಒಬ್ಬರು ಇರ್ತಾರಲ್ಲ. ಇದರ ಜೊತೆ ಉದ್ಗಮ್ ಥರದ ಹುಡುಕುವ ಜಾಗ, ಕನ್ನಡದಲ್ಲೊಂದು ಅರ್ಜಿ, ಫೋನ್ ಎತ್ತುವ ಒಬ್ಬ ಅಧಿಕಾರಿ. ಎಫ್‌ಐಯುನಲ್ಲಿ ನೋಂದಾಯಿಸಿಕೊಂಡ ಕಂಪನಿಗಳಿಗೆ ಇದನ್ನ ಕಡ್ಡಾಯ ಮಾಡೋಕೆ ಕ್ರಿಪ್ಟೊ ಒಳ್ಳೇದೋ ಕೆಟ್ಟದ್ದೋ ಅನ್ನೋ ಚರ್ಚೆ ಮುಗಿಯೋವರೆಗೂ ಕಾಯಬೇಕಿಲ್ಲ. 'ಜೂಜಾಡಿದವರ ದುಡ್ಡಿಗೆ ಸರ್ಕಾರ ಯಾಕೆ ತಲೆ ಕೆಡಿಸಿಕೊಳ್ಳಬೇಕು' ಅನ್ನೋರಿಗೆ: ಲಾಟರಿ, ಕುದುರೆ ರೇಸಿನ ಗೆಲುವಿಗೂ ಇದೇ 30% ದರ. ಗೆದ್ದವನು ಸತ್ತರೆ ಆ ದುಡ್ಡು ಬ್ಯಾಂಕಿನಲ್ಲಿ ಅವನ ಮನೆಯವರಿಗೆ ಸಿಗುತ್ತೆ.

ಹಾಗಾದರೆ ಎಲ್ಲಾ ಎಕ್ಸ್‌ಚೇಂಜ್‌ನಲ್ಲೇ ಇಡೋಣ ಅಂತೀರಾ? ಕೆನಡಾದ ಕ್ವಾಡ್ರಿಗಾಸಿಎಕ್ಸ್ ಮಾಲೀಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲೇ ಸತ್ತ. ಕೀಗಳೆಲ್ಲ ಅವನ ಜೊತೆ ಹೋದವು ಅಂದರು. ತನಿಖೆ ಮಾಡಿದರೆ ವಾಲೆಟ್‌ಗಳು ಮೊದಲೇ ಖಾಲಿ. ಒಂಟಾರಿಯೊ ನಿಯಂತ್ರಕರು 2020ರಲ್ಲಿ ಅದನ್ನ ವಂಚನೆ ಅಂತಲೇ ಕರೆದರು. 76,000ಕ್ಕೂ ಹೆಚ್ಚು ಗ್ರಾಹಕರಿಗೆ ದುಡ್ಡು ಬರಬೇಕಿತ್ತು.

ನಾನು ಮಾಡಿಕೊಂಡ ವ್ಯವಸ್ಥೆ ಹೇಳ್ತೀನಿ. ಕಾಗದದ ಮೇಲೆ ವಿಲ್ ಬರೆದೆ. ಸ್ಟಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯ ಅಲ್ಲ. ನನ್ನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ವಾಟ್ಸ್‌ಆ್ಯಪ್ ಮೆಸೇಜು, ಇಮೇಲು, ಡಿಜಿಟಲ್ ಸಹಿ ನಡೆಯಲ್ಲ. ಐಟಿ ಕಾಯ್ದೆಯೇ ವಿಲ್‌ಗಳನ್ನ ಹೊರಗಿಟ್ಟಿದೆ. ವಿಲ್‌ನಲ್ಲಿ ಏನಿದೆ, ಯಾರಿಗೆ ಅಂತ ಮಾತ್ರ ಬರೆದಿದ್ದೇನೆ. ಸೀಡ್ ಪದಗಳನ್ನ ಅದರಲ್ಲಿ ಬರೆಯಲೇಬಾರದು, ಓದಿದವರೆಲ್ಲ ಒಡೆಯರಾಗ್ತಾರೆ. ಅವು ಬೇರೆ ಲಕೋಟೆಯಲ್ಲಿ, ಬೇರೆ ಮನೆಯಲ್ಲಿ ಇವೆ. ಹೆಚ್ಚು ಇರುವವರು ಮೂರು ಕೀಗಳಲ್ಲಿ ಎರಡು ಸೇರಿದರೆ ಮಾತ್ರ ತೆರೆಯುವ ಮಲ್ಟಿಸಿಗ್ ವಾಲೆಟ್ ನೋಡಬಹುದು. ನನ್ನ ಹತ್ರ ಅಷ್ಟು ಇಲ್ಲ.

ಕಷ್ಟ ಆಗಿದ್ದು ಇದ್ಯಾವುದೂ ಅಲ್ಲ. ಮನೆಯಲ್ಲಿ ಬಾಯಿ ಬಿಡೋದು. ಮೇಷ್ಟ್ರ ಮಗ ಯಾಕೆ ಹೇಳಿರಲಿಲ್ಲ ಅನ್ನೋದು ನನಗೆ ಅರ್ಥವಾಗಿದ್ದು ಆ ರಾತ್ರಿ. ಲಕೋಟೆ ಮೇಜಿನ ಮೇಲಿಟ್ಟು, ಹೀಗೆ ಹೀಗೆ, ನಾನಿಲ್ಲದಿದ್ದರೆ ಇದನ್ನ ತಗೊಂಡು ಇಂಥವರ ಹತ್ರ ಹೋಗು ಅಂತ ಹೆಂಡತಿಗೆ ಎಲ್ಲಾ ವಿವರಿಸಿದೆ. ಪೂರ್ತಿ ಕೇಳಿದಳು. ಆಮೇಲೆ, "ಅದಿರಲಿ, ಇದರಲ್ಲಿ ಇಲ್ಲಿವರೆಗೂ ಎಷ್ಟು ಕಳ್ಕೊಂಡಿದ್ದೀಯ? ಮೊದಲು ಅದನ್ನ ಹೇಳು" ಅಂದಳು.

ಹೇಳಿದೆ. ಎರಡು ದಿನ ಮಾತಾಡಲಿಲ್ಲ.

ತಿಪಟೂರಿನ ಅರ್ಜಿಗೆ ಮುಂದಿನ ತಿಂಗಳು ಹಿಯರಿಂಗ್ ಇದೆ. ಅಮ್ಮನನ್ನ ಕರ್ಕೊಂಡು ಬರ್ತೀನಿ, ನೀನೂ ಬಂದುಬಿಡಪ್ಪ ಅಂದಿದ್ದಾರೆ ಮೇಷ್ಟ್ರು. ಆ ಪೆನ್‌ಡ್ರೈವ್ ಇನ್ನೂ ಬೀರುವಿನಲ್ಲೇ ಇದೆಯಂತೆ.