ಪದವಿಯಿಲ್ಲದ ಪಂಡಿತರ ಮನೆಯಂಗಳದಲ್ಲಿ

‘ಕನ್ನಡದ ಮೊದಲ ರಾಷ್ಟ್ರಕವಿ ಯಾರು?’ ಕೇಶ್ವಾಪುರದ ಯಾವ ಶಾಲೆಯಲ್ಲಿ ಕೇಳಿದರೂ ಮಕ್ಕಳು ಥಟ್ಟನೆ ‘ಎಂ. ಗೋವಿಂದ ಪೈ’ ಎನ್ನುತ್ತಾರೆ. ಒಂದು ಅಂಕದ ಪ್ರಶ್ನೆ, ಒಂದೇ ಸಾಲಿನ ಉತ್ತರ, ಅಲ್ಲಿಗೆ ಮುಗಿಯಿತು. ಆದರೆ ಆ ಹೆಸರಿನ ಹಿಂದೆ ಒಂದು ಮನೆಯಿದೆ. ರಜೆಯಲ್ಲಿ ಕಡಲು ನೋಡಲು ಮಂಗಳೂರಿಗೆ ಹೋಗುವ ಹುಬ್ಬಳ್ಳಿಯ ಕುಟುಂಬಗಳು ಅಲ್ಲಿಂದ ಇನ್ನಷ್ಟು ದಕ್ಷಿಣಕ್ಕೆ ಸಾಗಿ ತಲಪಾಡಿ ದಾಟಿದರೆ ಅದನ್ನು ಕಾಣಬಹುದು.

ಊರು ಕಾಸರಗೋಡು ಜಿಲ್ಲೆಯ ಮಂಜೇಶ್ವರ. ಮಂಗಳೂರಿನಿಂದ ಬಸ್ಸೂ ಇದೆ, ರೈಲೂ ಇದೆ. 1883ರ ಮಾರ್ಚ್ 23ರಂದು ಪೈಗಳು ಹುಟ್ಟಿದ್ದು ಇಲ್ಲಿ, ತಾಯಿಯ ತವರಿನಲ್ಲಿ. 1963ರಲ್ಲಿ ತೀರಿಕೊಳ್ಳುವವರೆಗೂ ಬಹುಕಾಲ ಬಾಳಿದ್ದೂ ಇದೇ ಊರಿನಲ್ಲಿ. ಮನೆ ಈಗ ಸ್ಮಾರಕ. 1930ರಲ್ಲಿ ಬಂದ ಅವರ ಕವನಸಂಕಲನದ ಹೆಸರನ್ನೇ ಅದಕ್ಕೂ ಇಟ್ಟಿದ್ದಾರೆ: ಗಿಳಿವಿಂಡು.

ಫಲಿತಾಂಶದ ದಿನಗಳಲ್ಲಿ ತಂದೆ–ತಾಯಿ ನೆನೆಯಬೇಕಾದ ಸಂಗತಿಯೊಂದು ಈ ಮನೆಯಲ್ಲಿದೆ. ಮದರಾಸಿನಲ್ಲಿ ಬಿ.ಎ. ಪರೀಕ್ಷೆಯ ಹೊತ್ತಿಗೆ ತಂದೆ ತೀರಿಕೊಂಡಿದ್ದರಿಂದ ಪೈಗಳು ಓದನ್ನು ಅರ್ಧಕ್ಕೇ ಬಿಟ್ಟು ಊರಿಗೆ ಬಂದರು. ಇಂಗ್ಲಿಷಿನಲ್ಲಿ ಚಿನ್ನದ ಪದಕ ಬಂತು. ಪದವಿ ಮಾತ್ರ ಬರಲಿಲ್ಲ. ಕಲಿಕೆ ಅಲ್ಲಿಗೆ ನಿಲ್ಲಲಿಲ್ಲ. ಕನ್ನಡ, ತುಳು, ಕೊಂಕಣಿ, ಮಲಯಾಳಗಳು ಬೀದಿಯಲ್ಲೇ ಕಿವಿಗೆ ಬೀಳುವ ಈ ಊರಿನಲ್ಲಿ ಕುಳಿತು ಅವರು ಪಾಲಿ, ಬಂಗಾಳಿ, ಗ್ರೀಕ್, ಲ್ಯಾಟಿನ್ ಕಲಿತರು. ಇತಿಹಾಸ ಸಂಶೋಧನೆ ನಡೆಸಿದರು. ಏಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಹಾಡಿದರು. ಎದುರಿಗೆ ಗುರುವಿಲ್ಲದೆ ಬಿಲ್ವಿದ್ಯೆ ಕಲಿತ ಏಕಲವ್ಯನನ್ನು ಕುರಿತು ‘ಹೆಬ್ಬೆರಳು’ ನಾಟಕ ಬರೆದವರೂ ಇವರೇ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿಯೆಂದು ಗೌರವಿಸಿತು. ಏಳೇ ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ಕವಿಯ ಊರು ಕೇರಳಕ್ಕೆ ಸೇರಿತು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮನೆ ನೋಡಿದ ಮೇಲೆ ಊರನ್ನು ಕಾಲ್ನಡಿಗೆಯಲ್ಲೇ ಸುತ್ತಬೇಕು. ಅನಂತೇಶ್ವರ ದೇವಾಲಯ, ಬಂಗ್ರ ಮಂಜೇಶ್ವರದ ಜೈನ ಬಸದಿಗಳು, ಹೊಳೆ ಕಡಲನ್ನು ಕೂಡುವ ಅಳಿವೆ ಎಲ್ಲವೂ ಇಲ್ಲಿವೆ. ದಾರಿಯಲ್ಲಿ ಎಷ್ಟು ಭಾಷೆಗಳು ಕೇಳಿಸಿದವು ಎಂದು ಮಕ್ಕಳು ಎಣಿಸಲಿ. ಕವಿಯ ಮೊದಲ ಪಾಠಶಾಲೆ ಯಾವುದೆಂದು ತಾನಾಗಿ ತಿಳಿದೀತು. ಬಯಲುಸೀಮೆಯವರಿಗೆ ಕರಾವಳಿಯ ಸೆಖೆ ಹೊಸದು. ಬೆಳಗ್ಗೆಯೇ ಹೊರಡುವುದು, ನೀರು ಜೊತೆಗಿರುವುದು, ಮನೆ ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಮರಳುವಾಗ ಉಡುಪಿಯಲ್ಲಿ ಇಳಿದರೆ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಪೈಗಳು ಕೂಡಿಟ್ಟ ಪುಸ್ತಕಗಳು ಸೇರಿರುವುದು ಅಲ್ಲಿಗೆ. ಅಂಕಪಟ್ಟಿ ಹಿಡಿದು ಕೊರಗುವ ಮಗುವಿಗೆ ಆ ಕಪಾಟುಗಳನ್ನು ತೋರಿಸಬೇಕು. ಪರೀಕ್ಷೆ ಮುಗಿಸಲಾಗದೆ ಊರಿಗೆ ಮರಳಿದ ಹುಡುಗನೊಬ್ಬ ಓದಿದ ಪುಸ್ತಕಗಳು ಅವು.